ಅರ್ಧ ಮಣೆ

ಬಹಳ ಬಹಳ ಹಿಂದೆ, ಗುಡ್ಡಗಳಿಗೆ ಇನ್ನೂ ನಡೆಯಲು ಬರುತ್ತಿದ್ದ ಕಾಲದಲ್ಲಿ, ಕುಂದಣಗಿರಿ ಅಂತ ಒಂದು ರಾಜ್ಯವಿತ್ತು. ಎಲ್ಲಿತ್ತು ಅಂತ ಮಾತ್ರ ಕೇಳಬೇಡಿ. ಗುಡ್ಡಗಳೇ ದಿನಕ್ಕೊಂದು ಕಡೆ ಎದ್ದು ಹೋಗುತ್ತಿದ್ದಾಗ ದಿಕ್ಕು ಹೇಳುವುದಾದರೂ ಹೇಗೆ? ಇತ್ತು, ಅಷ್ಟೇ. ಸುಮ್ಮನೆ ಕೇಳಿ.

ಆ ರಾಜ್ಯದಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಅಂದರೆ ದೊಡ್ಡಮನೆ ಹೆಂಗಸರ ಬಿರುದು. ಎಲ್ಲರಿಗಿಂತ ಮೇಲೆ ಪಟ್ಟದ ರಾಣಿ. ಅವಳ ಕೆಳಗೆ ಅರಸು ಮನೆತನದಲ್ಲಿ ಹುಟ್ಟಿದ ಅರಸಮ್ಮಣ್ಣಿ. ಅವಳ ಕೆಳಗೆ ಸೀಮೆ ಆಳುವ ದೊರೆಸಾನಿಯರು. ದೊರೆಸಾನಿಯರ ಕೆಳಗೆ ಕೋಟೆ ಕಾಯುವ ನಾಯಕಸಾನಿಯರು. ಅವರ ಕೆಳಗೆ ಊರು ನೋಡಿಕೊಳ್ಳುವ ಗೌಡಸಾನಿಯರು. ಅರಮನೆಯ ಹಜಾರದಲ್ಲಿ ಕೂರುವಾಗ ರಾಣಿಯ ಮಣೆ ಐದು ಬೆರಳು ಎತ್ತರ, ಅರಸಮ್ಮಣ್ಣಿಯದು ನಾಲ್ಕು ಬೆರಳು, ದೊರೆಸಾನಿಯರದು ಮೂರು, ಹೀಗೆ ಇಳಿಯುತ್ತಾ ಬಂದು ಗೌಡಸಾನಿಯ ಮಣೆ ಒಂದೇ ಬೆರಳು. ಬಿರುದಿಲ್ಲದವರಿಗೆ ನೆಲ.

ಇನ್ನೊಂದು ಕಟ್ಟಳೆಯೂ ಇತ್ತು. ಮೇಲಿನವರು ಮಾತಾಡಿಸುವ ತನಕ ಕೆಳಗಿನವರು ಬಾಯಿ ತೆರೆಯುವಂತಿಲ್ಲ. ತೆರೆದರೆ ಗಡಿಪಾರು. ದಿನ ಬೆಳಗಾದರೆ ರಾಣಿ ಹಜಾರಕ್ಕೆ ಬಂದು ಅರಸಮ್ಮಣ್ಣಿಯನ್ನು "ಚೆನ್ನಾಗಿದ್ದೀರಾ?" ಅಂತ ಕೇಳಬೇಕು. ಆಗ ಅರಸಮ್ಮಣ್ಣಿ ಬಾಯಿ ಬಿಟ್ಟು ದೊರೆಸಾನಿಯರನ್ನು ಕೇಳಬೇಕು. ದೊರೆಸಾನಿಯರು ನಾಯಕಸಾನಿಯರನ್ನು, ನಾಯಕಸಾನಿಯರು ಗೌಡಸಾನಿಯರನ್ನು, ಗೌಡಸಾನಿಯರು ಊರ ಹೆಂಗಸರನ್ನು. ಹೊತ್ತು ಮೇಲೇರುವಷ್ಟರಲ್ಲಿ ರಾಜ್ಯದ ಹೆಂಗಸರೆಲ್ಲ ಗಲಗಲ ಮಾತಾಡುತ್ತಿದ್ದರು. ರಾಣಿಗೆ ನೆಗಡಿಯಾದ ದಿನ ಮಾತು ಮಧ್ಯಾಹ್ನಕ್ಕೆ ಊರು ಮುಟ್ಟುತ್ತಿತ್ತು. ಹುಚ್ಚು ಕಟ್ಟಳೆ ಅಂತೀರಾ? ನಾನೂ ಅದನ್ನೇ ಅನ್ನುವುದು.

ಆ ಹಜಾರದಲ್ಲಿ ಮಣೆ ಹಾಕುವ ಕೆಲಸ ಜಕ್ಕವ್ವನದು. ಇಪ್ಪತ್ತು ವರ್ಷದ ಹುಡುಗಿ. ಯಾರ ಮಣೆ ಎಷ್ಟು ಬೆರಳು, ಯಾವುದರ ಯಾವ ಕಾಲು ಸವೆದಿದೆ ಎಲ್ಲ ಅವಳಿಗೆ ಬಾಯಿಪಾಠ. ಮಣೆ ಹಾಕಿದ ಮೇಲೆ ಅವಳೇ ಒಂದು ಗಳಿಗೆ ಅದರ ಮೇಲೆ ಕೂತು ನೋಡಬೇಕು. ಅಲುಗಾಡುತ್ತದೋ, ಮುಳ್ಳುಗಿಳ್ಳು ಇದೆಯೋ ಅಂತ ಪರೀಕ್ಷೆ ಮಾಡಿ ಎದ್ದ ಮೇಲೆಯೇ ದೊಡ್ಡವರು ಕೂರಬೇಕು. ಹಾಗಾಗಿ ದಿನಾ ಬೆಳಿಗ್ಗೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಬಿರುದಿಲ್ಲದ ಜಕ್ಕವ್ವ ರಾಣಿಯ ಮಣೆ ಮೇಲೆ ಕೂರುತ್ತಿದ್ದಳು. ಅದು ಯಾರ ಲೆಕ್ಕಕ್ಕೂ ಇರಲಿಲ್ಲ.

ಈಗ ರಾಣಿಯ ವಿಷಯಕ್ಕೆ ಬರೋಣ. ರಾಣಿಯ ಹೆಸರು ಪದುಮಲೆ. ಅವಳು ಹುಟ್ಟಿದ ದಿನವೇ ತಾಯಿ ತೀರಿಕೊಂಡಳು. ಎಂಟು ದಿನದ ಮೇಲೆ ಅರಮನೆಯ ದಾಸಿಗೆ ಹೆಣ್ಣುಮಗು ಆಯಿತು, ಅದೇ ಜಕ್ಕವ್ವ. ಆ ದಾಸಿ ಒಂದು ಎದೆ ತನ್ನ ಮಗಳಿಗೆ, ಒಂದು ಎದೆ ರಾಜನ ಮಗಳಿಗೆ ಕೊಟ್ಟು ಇಬ್ಬರನ್ನೂ ಬೆಳೆಸಿದಳು. ಅಡುಗೆಮನೆಯಲ್ಲಿ ಹಲಸಿನ ಮರದ ಒಂದು ಹಳೇ ಮಣೆ ಇತ್ತು. ಇಬ್ಬರೂ ಅದರ ಮೇಲೇ ಒತ್ತಿಕೊಂಡು ಕೂತು ಉಣ್ಣುತ್ತಿದ್ದರು. ಎಂಟೇ ದಿನಕ್ಕೆ ದೊಡ್ಡವಳಾದರೂ ಪದುಮಲೆಯ ಅಕ್ಕತನ ನೋಡಬೇಕಿತ್ತು ನೀವು! "ಜರುಗೇ ಜಕ್ಕೀ, ಅರ್ಧ ನಂದು" ಅಂತ ಸೊಂಟದಲ್ಲಿ ನೂಕುವುದು. "ಅಕ್ಕಾ, ನೀನು ಜರುಗು" ಅಂತ ಇವಳು ತಿರುಗಿ ನೂಕುವುದು. ಕೊನೆಗೆ ಇಬ್ಬರೂ ನೆಲಕ್ಕೆ ಬಿದ್ದು ನಗುವುದು.

ಪದುಮಲೆಗೆ ಹದಿನಾಲ್ಕು ತುಂಬಿದಾಗ ರಾಜ ತೀರಿಕೊಂಡ. ಮಗಳಿಗೆ ಪಟ್ಟ ಕಟ್ಟಿದರು. ಅವಳ ಸೋದರತ್ತೆ ಮಾಚಲ ಅರಸಮ್ಮಣ್ಣಿ, ಕಟ್ಟಳೆ ಅಂದರೆ ಪ್ರಾಣ ಬಿಡುವ ಹೆಂಗಸು, ಅವತ್ತೇ ಜಕ್ಕವ್ವನನ್ನು ಪಕ್ಕಕ್ಕೆ ಕರೆದಳು. "ನೋಡು ಹುಡುಗಿ, ಇನ್ನು ಮೇಲೆ ಅಕ್ಕ ಗಿಕ್ಕ ಎಲ್ಲ ಬಂದ್. ಅವಳು ಮಹಾಸನ್ನಿಧಾನ. ನೀನು ನೆಲ. ಗೊತ್ತಾಯ್ತಾ?" ಅಂದಳು. ಜಕ್ಕವ್ವ ಗೊತ್ತಾಯಿತು ಅಂತ ತಲೆಯಾಡಿಸಿದಳು. ಆರು ವರ್ಷ ಕಳೆಯಿತು. ರಾಣಿ ಅವಳನ್ನು ಒಮ್ಮೆಯೂ ಮಾತಾಡಿಸಲಿಲ್ಲ. ಜಕ್ಕವ್ವ ಮಣೆ ಹಾಕುವಳು, ಕೂತು ಏಳುವಳು, ತಲೆ ತಗ್ಗಿಸಿ ಹೋಗುವಳು. ಅಕ್ಕನಿಗೆ ನಾನು ಮರೆತೇಹೋದೆ ಅಂತಲೇ ಅಂದುಕೊಂಡಿದ್ದಳು.

ಹೀಗಿರುವಾಗ ಪಕ್ಕದ ರಾಜ್ಯದ ಮಹಾರಾಣಿ ಬಂದಳು. ಬಾಗಿಲಲ್ಲಿ ನಿಂತು ಅವಳ ಹೊಗಳುಭಟ್ಟ ಹನ್ನೊಂದು ಬಿರುದು ಕೂಗಿದ. ನಮ್ಮ ರಾಣಿಗೆ ಇದ್ದದ್ದು ಒಂದೇ. ಬಂದವಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಇಪ್ಪತ್ತು ವರ್ಷದ ಹೆಣ್ಣುಮಗಳು ಪಾಪ, ಪದುಮಲೆಯ ಮುಖ ಚಿಕ್ಕದಾಯಿತು. ಅವಳ ಜಾಗದಲ್ಲಿ ಯಾರಿದ್ದರೂ ಆಗುತ್ತಿತ್ತು ಬಿಡಿ.

ಅಮಾವಾಸ್ಯೆ ಕಳೆದ ಮಾರನೆಯ ಬೆಳಿಗ್ಗೆ ಹಜಾರಕ್ಕೆ ಒಬ್ಬ ಬಂದ. ಉದ್ದ ಕೋಟು, ಉದ್ದ ಗಡ್ಡ, ಸೊಂಟದ ಮೇಲೆ ಕೈ. ಹೆಸರು ಮೇರುಗಂಡ. ನಿಜಕ್ಕೂ ಅವನು ಮಾಂತ್ರಿಕ, ಆದರೆ ಬಿರುದುಗಳ ಪಂಡಿತ ಅಂತ ಹೇಳಿಕೊಂಡ. "ತಾಯೀ, ಹನ್ನೊಂದು ಬಿರುದು ಯಾಕೆ? ಹನ್ನೊಂದು ಸಾವಿರವನ್ನೂ ನುಂಗುವ ಒಂದೇ ಬಿರುದು ಕೊಡುತ್ತೇನೆ. ಮೇಲಿಲ್ಲದ, ಸಮವಿಲ್ಲದ ಮಹಾಮಹಾರಾಣಿ!" ಅಂದ. ರಾಣಿ ಒಂದು ಕ್ಷಣ ಯೋಚಿಸಿದಳು, ಆ ನಗು ನೆನಪಾಯಿತು, ಕತ್ತು ಬಗ್ಗಿಸಿದಳು. ಅವನು ಅವಳ ಕೊರಳಿಗೆ ಒಂದು ಚಿನ್ನದ ಬಿಲ್ಲೆ ಕಟ್ಟಿದ.

"ಇನ್ನು ಮೇಲೆ ನಿನಗೆ ಸಮನಾದವರ ಜೊತೆ ಮಾತ್ರ ನೀನು ಮಾತಾಡಬಹುದು" ಅಂದ. "ಹುಣ್ಣಿಮೆಯ ದಿನ ಹೊತ್ತು ಮುಳುಗುವಾಗ ಬಂದು ನಿನ್ನನ್ನು ನಿಲುಗಲ್ಲ ಗುಡ್ಡದ ನನ್ನ ಹಜಾರಕ್ಕೆ ಕರೆದೊಯ್ಯುತ್ತೇನೆ. ನಿನಗೆ ತಕ್ಕ ಜಾಗ ಅದೇ."

ಸಮನಾದವರು ಯಾರಿದ್ದಾರೆ? ಯಾರೂ ಇಲ್ಲ. ಬಿರುದೇ ಹಾಗಿದೆಯಲ್ಲ!

ಮಾರನೆಯ ಬೆಳಿಗ್ಗೆ ರಾಣಿ ಹಜಾರಕ್ಕೆ ಬಂದಳು, ಕೂತಳು, ಮಾತಾಡಲಿಲ್ಲ. ಅರಸಮ್ಮಣ್ಣಿ ಕಾದಳು. ದೊರೆಸಾನಿಯರು ಅರಸಮ್ಮಣ್ಣಿಯ ಮುಖ ನೋಡಿದರು. ನಾಯಕಸಾನಿಯರು ದೊರೆಸಾನಿಯರ ಮುಖ ನೋಡಿದರು. ಮಧ್ಯಾಹ್ನವಾಯಿತು, ಸಂಜೆಯಾಯಿತು, ಒಬ್ಬರೂ ಬಾಯಿ ಬಿಡಲಿಲ್ಲ. ಮಂತ್ರ ಮುಟ್ಟಿದ್ದು ಒಬ್ಬಳನ್ನೇ. ಮಿಕ್ಕವರನ್ನೆಲ್ಲ ಮೂಗರನ್ನಾಗಿ ಮಾಡಿದ್ದು ಅವರ ಕಟ್ಟಳೆ. ಎರಡು ದಿನ ಗಂಡಸರು ಮನೆ ತಣ್ಣಗಿದೆ ಅಂತ ಖುಷಿಪಟ್ಟರು. ಮೂರನೆಯ ದಿನ ಜೋಗುಳವಿಲ್ಲದೆ ಮಕ್ಕಳು ಮಲಗಲಿಲ್ಲ, ಕರೆಯುವ ದನಿ ಕೇಳದೆ ಹಸುಗಳು ಹಾಲು ಬಿಡಲಿಲ್ಲ, ಉಪ್ಪೆಲ್ಲಿದೆ ಅಂತ ಕೇಳಿದರೆ ಹೇಳುವವರಿಲ್ಲ. ಆಗ ಗೊತ್ತಾಯಿತು ಅವರಿಗೆ. ಅರಸಮ್ಮಣ್ಣಿಯಂತೂ ಆಡದ ಮಾತನ್ನೆಲ್ಲ ಬಾಯಲ್ಲಿ ತುಂಬಿಕೊಂಡು ಕೆನ್ನೆ ಊದಿಸಿಕೊಂಡು ಓಡಾಡುತ್ತಿದ್ದಳು.

ಜಕ್ಕವ್ವ ಮಾತ್ರ ಬೇರೆ ಏನನ್ನೋ ಕಂಡಳು. ಮಣೆ ಹಾಕುವವಳ ಕಣ್ಣು ಇರುವುದು ಕಾಲಿನ ಹತ್ತಿರ. ಮೂರನೆಯ ದಿನ ರಾಣಿಯ ಕಾಲ್ಬೆರಳು ಹಳದಿಯಾಗಿ ಹೊಳೆಯುತ್ತಿತ್ತು. ಅರಿಶಿನವೇನೋ ಅಂದುಕೊಂಡಳು. ನಾಲ್ಕನೆಯ ದಿನ ಪಾದ ಹೊಳೆಯಿತು. ಐದನೆಯ ದಿನ ರಾಣಿ ಕೂತ ಕೂಡಲೇ ಐದು ಬೆರಳಿನ ತೇಗದ ಮಣೆ ಚಟ್ ಅಂತ ಸೀಳಿತು. ಆನೆ ಕೂತರೂ ಸೀಳದ ಮಣೆ! ಜಕ್ಕವ್ವ ಓಡಿಬಂದು ಸೀರೆಯ ಅಂಚು ಸರಿಸಿ ನೋಡುತ್ತಾಳೆ, ಮೊಣಕಾಲಿನವರೆಗೆ ಗಟ್ಟಿ ಚಿನ್ನ. ತಲೆ ಎತ್ತಿ ನೋಡಿದರೆ ರಾಣಿಯ ಕಣ್ಣಲ್ಲಿ ನೀರು.

"ಅಯ್ಯೋ ನನ್ನಕ್ಕ ಬೊಂಬೆ ಆಗ್ತಿದ್ದಾಳಲ್ಲಪ್ಪಾ" ಅಂತ ಮನಸ್ಸಿನಲ್ಲೇ ಅಂದುಕೊಂಡ ಜಕ್ಕವ್ವನ ಜೀವ ಹಾರಿಹೋಯಿತು. ಯಾರಿಗೆ ಹೇಳುವುದು? ಹೇಳಿದರೂ ಉತ್ತರ ಕೊಡಲು ಬಾಯಿ ಯಾರಿಗಿದೆ? ಅವತ್ತೇ ಮೊಸರನ್ನದ ಬುತ್ತಿ ಕಟ್ಟಿಕೊಂಡಳು. ಅಡುಗೆಮನೆಯ ಮೂಲೆಯಿಂದ ಹಲಸಿನ ಹಳೇ ಮಣೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಮಣೆ ಯಾಕೆ ಅಂದರೆ, ಅವಳಿಗೆ ಬರುವ ಕೆಲಸ ಅದೊಂದೇ. ನಿಲುಗಲ್ಲ ಗುಡ್ಡದ ಕಡೆ ಹೊರಟೇಬಿಟ್ಟಳು.

ಆ ಕಾಲದಲ್ಲಿ ನಡೆಯದೆ ನಿಂತಲ್ಲೇ ನಿಂತಿದ್ದ ಗುಡ್ಡ ಅದೊಂದೇ. ಹಾಗಾಗಿ ದಾರಿ ತಪ್ಪಲಿಲ್ಲ. ಏಳು ದಿನ ನಡೆದು ಗುಡ್ಡದ ಬುಡ ಮುಟ್ಟಿದಳು.

ಬುಡದಲ್ಲಿ ಕಲ್ಲಿನ ಬಾಗಿಲು. ಬಾಗಿಲಲ್ಲಿ ತಲೆಗೆ ಜರಿ ರುಮಾಲು ಸುತ್ತಿ, ಕೈಯಲ್ಲಿ ಈಟಿ ಹಿಡಿದು ಒಂದು ಕರಡಿ ನಿಂತಿತ್ತು.

"ನಿನ್ನ ಬಿರುದೇನು?" ಅಂತು ಕರಡಿ.

"ಬಿರುದೂ ಇಲ್ಲ ಗಿರುದೂ ಇಲ್ಲ. ಮಣೆ ಹಾಕೋ ಜಕ್ಕವ್ವ."

"ಬಿರುದಿಲ್ಲದವರನ್ನ ತಿಂದುಬಿಡು ಅಂತ ನನಗೆ ಅಪ್ಪಣೆ."

ಆದರೆ ಜಕ್ಕವ್ವನ ಕಣ್ಣು, ಹೇಳಿದೆನಲ್ಲ, ಕಾಲಿನ ಹತ್ತಿರವೇ ಹೋಗುವುದು. ಕರಡಿಯ ಕಾಲು ಎರಡೂ ಬಾತುಕೊಂಡು ಕುಂಬಳಕಾಯಿ ಆಗಿದ್ದವು.

"ಎಷ್ಟು ಹೊತ್ತಿಂದ ನಿಂತಿದ್ದೀಯಪ್ಪಾ?" ಅಂದಳು.

"ಹೊತ್ತಲ್ಲ, ಮುನ್ನೂರು ವರ್ಷ" ಅಂತು ಕರಡಿ. "ಕಾವಲುಗಾರನಿಗೆ ಕೂರೋ ಪದವಿ ಇಲ್ಲವಂತೆ."

"ಅಯ್ಯೋ ನಿನ್ನ! ತಿನ್ನೋದಾದ್ರೆ ಕೂತ್ಕೊಂಡು ತಿನ್ನು. ನಿಂತ್ಕೊಂಡು ತಿಂದಿದ್ದು ಯಾರ ಮೈಗೆ ಹತ್ತುತ್ತೆ?" ಅಂದವಳೇ ಜಕ್ಕವ್ವ ಮಣೆ ಹಾಕಿದಳು. ತಾನು ಒಂದು ಗಳಿಗೆ ಕೂತು ನೋಡಿದಳು, ಎದ್ದಳು, ಕೈ ತೋರಿಸಿದಳು. "ಬಾಪ್ಪಾ, ಕೂತ್ಕೋ."

ಕರಡಿ ಸುತ್ತಮುತ್ತ ನೋಡಿತು. ಮೆಲ್ಲಗೆ ಬಗ್ಗಿತು. ಕೂತಿತು. ಕೂತದ್ದೇ "ಉಸ್ಸಪ್ಪಾ!" ಅಂತ ಬಿಟ್ಟ ಉಸಿರಿಗೆ ಎದುರಿಗಿದ್ದ ಗಿಡದ ಎಲೆಯೆಲ್ಲ ಉದುರಿತು. ಕಣ್ಣಲ್ಲಿ ನೀರು ಧಾರೆಧಾರೆ. ಜಕ್ಕವ್ವ ಅದರ ಕಾಲು ಒತ್ತಿದಳು.

"ತಾಯೀ, ನಿನ್ನನ್ನ ತಿಂದರೆ ನನಗೆ ಅನ್ನ ಹುಟ್ಟಲ್ಲ" ಅಂತು ಕರಡಿ. "ಒಂದು ಗುಟ್ಟು ಹೇಳ್ತೀನಿ ಕೇಳು. ಆ ಮೇರುಗಂಡನ ಶಕ್ತಿಯೆಲ್ಲ ಇರೋದು ಅವನು ಕೂರೋ ಪೀಠದಲ್ಲಿ. ಅದರ ಮೇಲೆ ಯಾರು ಕೂತಿದ್ರೆ ಅವರ ಮಾತು ನಡೆಯುತ್ತೆ. ಅದಕ್ಕೇ ಅವನು ಪೀಠ ಬಿಟ್ಟರೆ ಅದರ ಸುತ್ತ ಬೆಂಕಿ ಎಬ್ಬಿಸಿಯೇ ಹೊರಡೋದು. ಅವನೇ ಪೀಠದ ಎದುರಿಗೆ ನಿಂತಾಗ ಮಾತ್ರ ಬೆಂಕಿ ಇರಲ್ಲ."

ಜಕ್ಕವ್ವ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು. ಮಣೆ ವಾಪಸು ಕೇಳುವಾಗ ಅವಳಿಗೇ ಸಂಕೋಚವಾಯಿತು. ಕರಡಿ ಒಂದು ಬಂಡೆ ಉರುಳಿಸಿಕೊಂಡು ಅದರ ಮೇಲೆ ಕೂತಿತು. ಒಂದು ಸಲ ಕೂತು ರುಚಿ ಹತ್ತಿತ್ತಲ್ಲ.

ಗುಡ್ಡದ ನಡುವಿಗೆ ಬಂದಾಗ ಒಂದು ಆಳವಾದ ಕಮರಿ. ದಾಟಲು ಸೇತುವೆ ಇಲ್ಲ. ಕಮರಿಗೆ ಅಡ್ಡಲಾಗಿ ಮೂರು ತಲೆಯ ಒಂದು ಹೆಬ್ಬಾವು ಮಲಗಿತ್ತು, ಅದೇ ಸೇತುವೆ. ಮಲಗಿದ್ದೇನು, ಮೂರು ತಲೆಗಳೂ ಜಗಳಾಡುತ್ತಿದ್ದವು.

"ಬಿರುದೇನು ನಿನ್ನದು?" ಅಂತ ಮೂರೂ ಒಟ್ಟಿಗೆ ಕೇಳಿದವು. ಕೇಳಿ, "ಮೊದಲು ನಾನು ಕೇಳಬೇಕಿತ್ತು!" ಅಂತ ಮತ್ತೆ ಜಗಳಕ್ಕೆ ಬಿದ್ದವು.

"ಮಣೆ ಹಾಕೋ ಜಕ್ಕವ್ವ" ಅಂದಳು ಇವಳು. "ಏನ್ರಪ್ಪಾ ನಿಮ್ಮ ಗಲಾಟೆ?"

"ನಾನು ಹಿರಿತಲೆ. ನಾನು ಉಣ್ಣದೆ ಇವರು ಉಣ್ಣೋ ಹಾಗಿಲ್ಲ" ಅಂತು ಮೊದಲನೆಯದು. "ನಾನು ನಡುತಲೆ, ಎರಡೂ ಕಡೆಗೂ ನಾನೇ ದೊಡ್ಡದು" ಅಂತು ಎರಡನೆಯದು. "ನಾನು ಕಿರಿತಲೆ, ಮುದ್ದಿನದು, ಮೊದಲ ತುತ್ತು ನನ್ನದೇ" ಅಂತು ಮೂರನೆಯದು. ಒಂದು ಬಾಯಿ ತೆರೆದರೆ ಮಿಕ್ಕೆರಡು ಕಚ್ಚುತ್ತಿದ್ದವು. ಹಾಗಾಗಿ ನೂರು ವರ್ಷದಿಂದ ಉಪವಾಸ. ಹಾವು ಒಣಗಿದ ಹುರಿಯ ಹಾಗಿತ್ತು. ಕಾಲಿಟ್ಟರೆ ಕಡಿದುಹೋಗುವುದು ಗ್ಯಾರಂಟಿ.

ಜಕ್ಕವ್ವ ಮಣೆ ಹಾಕಿದಳು. ಕೂತು ನೋಡಿದಳು, ಎದ್ದಳು. ಮೂರು ತಲೆಗಳೂ "ನನಗೆ, ನನಗೆ" ಅಂತ ಮುನ್ನುಗ್ಗಿದವು.

"ಥೂ, ಸುಮ್ಮನಿರ್ರೋ! ಮಣೆ ನಿಮಗ್ಯಾರಿಗೂ ಅಲ್ಲ. ಹೊಟ್ಟೆಗೆ." ಜಕ್ಕವ್ವ ಈಚೆ ದಡದ ಮೇಲಿದ್ದ ಹಾವಿನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಮಣೆ ಮೇಲೆ ಕೂರಿಸಿದಳು. "ಹಸಿದಿರೋದು ಯಾರು? ಇದು. ಊಟಕ್ಕೆ ಕೂತಿರೋದೂ ಇದೇ. ನೀವು ಮೂರೂ ಬರೀ ಸೌಟುಗಳು. ಸೌಟಲ್ಲಿ ಹಿರಿಯ ಕಿರಿಯ ಅಂತ ಉಂಟೇನು?"

ಮೂರು ತಲೆಗಳೂ ಒಂದರ ಮುಖ ಒಂದು ನೋಡಿಕೊಂಡವು. ಇಷ್ಟು ದಿನ ಇದು ಹೊಳೆದೇ ಇರಲಿಲ್ಲ. ಜಕ್ಕವ್ವ ಬುತ್ತಿ ಬಿಚ್ಚಿ ಮೊಸರನ್ನ ಕಲಸಿ ಕೈಗೆ ಸಿಕ್ಕ ಬಾಯಿಗೆ ಇಟ್ಟಳು. ಒಂದು ತುತ್ತು ಇಳಿದರೆ ಮೂರಕ್ಕೂ ತೇಗು. ಬುತ್ತಿ ಮುಗಿಯುವಷ್ಟರಲ್ಲಿ ಹಾವು ತೊಲೆಯ ಹಾಗೆ ದಪ್ಪವಾಗಿತ್ತು. ಅವಳು ಮಣೆ ಎತ್ತಿಕೊಂಡು ಹಾವಿನ ಬೆನ್ನ ಮೇಲೆ ನಡೆದು ಆಚೆ ದಡ ಸೇರಿದಳು.

"ವಾಪಸ್ ಬರುವಾಗ ಹೇಳು ಅಕ್ಕಯ್ಯ, ಕಣ್ಣು ಮುಚ್ಚಿ ತೆಗೆಯೋದರಲ್ಲಿ ಮನೆ ಮುಟ್ಟಿಸ್ತೀವಿ" ಅಂದವು ಮೂರೂ. ಆ ಮಾತಿನಲ್ಲಿ ಮಾತ್ರ ಜಗಳವಿರಲಿಲ್ಲ.

ಗುಡ್ಡದ ತುದಿಯಲ್ಲಿ ಮೇರುಗಂಡನ ಹಜಾರ. ಸುತ್ತಲೂ ಸಾಲಾಗಿ ಹನ್ನೆರಡು ಚಿನ್ನದ ಹೆಂಗಸರು ನಿಂತಿದ್ದರು. ಎಲ್ಲರ ಕೊರಳಲ್ಲೂ ಒಂದೊಂದು ಬಿಲ್ಲೆ. ಒಬ್ಬಳ ಕಣ್ಣಂಚಿನ ಕಣ್ಣೀರು ಕೂಡ ಚಿನ್ನದ ಹನಿಯಾಗಿ ನಿಂತಿತ್ತು. ಆ ಭಾರಕ್ಕೇ ಗುಡ್ಡಕ್ಕೆ ನಡೆಯಲು ಆಗುತ್ತಿರಲಿಲ್ಲ. ನಡುವೆ ಆಳೆತ್ತರದ ಪೀಠ, ಪೀಠದ ಮೇಲೆ ಮೇರುಗಂಡ.

"ಇಲ್ಲೀತನಕ ಬಂದೆಯಾ? ಭೇಷ್" ಅಂದ ಅವನು. "ನೀನು ಬಂದದ್ದು ಯಾಕೆ ಅಂತ ಗೊತ್ತು. ನಿನ್ನ ರಾಣಿಗೆ ಸಮನಾದವರು ಇಲ್ಲ, ಅದಕ್ಕೆ ಅವಳು ಮೂಗಿ. ನಿನ್ನನ್ನು ಸಮ ಮಾಡುತ್ತೇನೆ, ತಗೋ. ಅವಳದೇ ಬಿರುದು, ಅವಳದೇ ಬಿಲ್ಲೆ. ಕಟ್ಟಿಕೊಂಡು ಹೋಗಿ ಎದುರಿಗೆ ನಿಂತು ಮಾತಾಡು."

ಜಕ್ಕವ್ವನಿಗೆ ಆಸೆಯಾಯಿತು. ಯಾಕೆ ಸುಳ್ಳು ಹೇಳಲಿ, ನಿಜವಾಗಿಯೂ ಆಯಿತು. ಆರು ವರ್ಷ ಮಾತಿಲ್ಲದೆ ಅಕ್ಕನ ಕಾಲ ಹತ್ತಿರ ಬಗ್ಗಿ ಬಗ್ಗಿ ಎದ್ದವಳು. ಒಮ್ಮೆ ಅವಳ ಎತ್ತರಕ್ಕೆ ನಿಂತು "ಅಕ್ಕಾ, ನನ್ನ ಯಾಕೆ ಮರೆತೆ?" ಅಂತ ಕೇಳಬೇಕು ಅನ್ನಿಸಿತು. ಕೈ ಬಿಲ್ಲೆಯ ಕಡೆ ಹೋಯಿತು. ಅಷ್ಟರಲ್ಲಿ ಬಿಲ್ಲೆ ಕೊಡಲು ಅವನು ಮುಂದೆ ಬಗ್ಗಿದ. ಪೀಠ "ಕಟಕ್" ಅಂತು.

ಜಕ್ಕವ್ವನ ಕೈ ನಿಂತಿತು. ಅವಳ ಕಿವಿಗೆ ಆ ಸದ್ದು ಚೆನ್ನಾಗಿ ಗೊತ್ತು.

"ಸ್ವಾಮೀ, ನಿಮ್ಮ ಪೀಠದ ಒಂದು ಕಾಲು ಗಿಡ್ಡ" ಅಂದಳು.

ಮೇರುಗಂಡನ ಬಾಯಿ ತೆರೆದೇ ಉಳಿಯಿತು. "ಹೌದಾ? ಅದಕ್ಕೇನಾ? ಮುನ್ನೂರು ವರ್ಷದಿಂದ ನನ್ನ ಸೊಂಟ ಮುರಿದು ಹೋಗ್ತಿದೆ! ಯಾರೂ ಹೇಳಲೇ ಇಲ್ಲವಲ್ಲ?"

"ಯಾರು ಹೇಳ್ತಾರೆ ಸ್ವಾಮೀ? ನೀವು ಮಾತಾಡಿಸದೆ ಯಾರೂ ಬಾಯಿ ಬಿಡೋ ಹಾಗಿಲ್ಲವಲ್ಲ. ಇಳೀರಿ, ನೋಡ್ತೀನಿ. ನನ್ನ ಕೆಲಸವೇ ಅದು."

ಸೊಂಟ ನೋವು ಅಂದರೆ ಮಾಂತ್ರಿಕನಿಗಾದರೂ ಒಂದೇ, ನಮಗಾದರೂ ಒಂದೇ. ಅವನು "ಅಮ್ಮಾ, ಅಪ್ಪಾ" ಅಂತ ಇಳಿದು ಪಕ್ಕದಲ್ಲೇ ನಿಂತ, ಪೀಠದ ಮೇಲೆ ಒಂದು ಕೈ ಇಟ್ಟುಕೊಂಡೇ ನಿಂತ. ಜಕ್ಕವ್ವ ತನ್ನ ಹಲಸಿನ ಮಣೆಯ ಅಂಚಿನಿಂದ ಒಂದು ಚಕ್ಕೆ ಸೀಳಿ ಗಿಡ್ಡ ಕಾಲಿನ ಕೆಳಗೆ ಕೊಟ್ಟಳು. ಅಲುಗಿಸಿ ನೋಡಿದಳು. ಒಂದಿಷ್ಟೂ ಆಡಲಿಲ್ಲ. ಮೋಸವಿಲ್ಲದ ಕೆಲಸ ಮಾಡಿದಳು, ಅದು ಮಾತ್ರ ಒಪ್ಪಬೇಕು.

"ಕಟ್ಟಳೆ ಪ್ರಕಾರ ಮಣೆ ಹಾಕಿದವಳು ಮೊದಲು ಕೂತು ನೋಡಬೇಕು ಸ್ವಾಮೀ. ನಾಳೆ ಅಲುಗಾಡಿದರೆ ನನ್ನನ್ನ ಬೈತೀರಿ."

ಕಟ್ಟಳೆ ಅಂದ ಕೂಡಲೇ ಮೇರುಗಂಡ ಮೆತ್ತಗಾದ. ಅವನು ಬದುಕಿದ್ದೇ ಕಟ್ಟಳೆಯ ಮೇಲಲ್ಲವೇ? "ಹೂಂ, ಬೇಗ, ಬೇಗ" ಅಂತ ಸೊಂಟ ತಿಕ್ಕಿಕೊಂಡ.

ಜಕ್ಕವ್ವ ಹತ್ತಿ ಕೂತಳು. ಈ ಸಲ ಏಳಲಿಲ್ಲ.

"ಈ ಪೀಠದ ಮೇಲಿಂದ ಕೊಟ್ಟ ಬಿರುದೆಲ್ಲ ವಾಪಸ್!" ಅಂತ ಕೂಗಿದಳು.

ಠಣ್, ಠಣ್, ಠಣ್ ಅಂತ ಹನ್ನೆರಡು ಬಿಲ್ಲೆಗಳು ನೆಲಕ್ಕೆ ಬಿದ್ದವು. ದೂರದ ಕುಂದಣಗಿರಿಯಲ್ಲಿ ಹದಿಮೂರನೆಯದು ಬಿತ್ತು. ಮೇರುಗಂಡನ ಉದ್ದ ಕೋಟು ಅವನಿಗೇ ದೊಡ್ಡದಾಯಿತು, ಗಡ್ಡ ನೆಲ ಮುಟ್ಟಿತು. ನೋಡನೋಡುತ್ತ ಅವನೊಬ್ಬ ಸಣ್ಣ ಮುದುಕನಾಗಿಬಿಟ್ಟ, ಆಳೆತ್ತರದ ಪೀಠ ಇನ್ನು ಅವನ ಕೈಗೂ ಎಟುಕುವಂತಿರಲಿಲ್ಲ. ಆದರೂ ಹಲ್ಲು ಕಿರಿದ.

"ಬಿಲ್ಲೆ ಬಿತ್ತು, ಆದರೆ ಚಿನ್ನ ಬಿಡುವುದಿಲ್ಲ. ಚಿನ್ನ ನಾನು ಹಾಕಿದ್ದಲ್ಲ ಕಣೇ, ಅವರ ಮಾತೇ ಒಳಗೆ ಗಟ್ಟಿಯಾದದ್ದು. ಇವರು ನನ್ನವರು ಅಂತ ಅವರು ಮನಸಾರೆ ಒಪ್ಪಿದವರು ಎದುರಿಗೆ ಬಂದು ಕರೆಯಬೇಕು, ಅವರು ಬಾಯಿ ಬಿಡಬೇಕು. ಆಗ ಮಾತ್ರ ಕರಗುತ್ತದೆ. ನಿನ್ನ ರಾಣಿಗೆ ಅಂಥವರು ಯಾರಿದ್ದಾರೆ? ಇವತ್ತು ಹುಣ್ಣಿಮೆ. ಹೊತ್ತು ಮುಳುಗಿದರೆ ಮುಗಿಯಿತು."

ಜಕ್ಕವ್ವ ಪೀಠದಿಂದ ಇಳಿದಳು. ಅಕ್ಕನಿಗೆ ಅಂಥವರು ಯಾರು? ನಾನಾ? ಆರು ವರ್ಷ ತಿರುಗಿಯೂ ನೋಡಲಿಲ್ಲವಲ್ಲ? ಆದರೂ ಮಣೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಓಡಿದಳು. ಹಾವು ಬೆನ್ನು ಕೊಟ್ಟಿತು. ಗಾಳಿ ಕಿವಿಯಲ್ಲಿ ಹೋಯ್ ಅಂತು, ಊರುಗಳು ಹಿಂದೆ ಓಡಿದವು, ಸೂರ್ಯ ಇನ್ನೂ ಗೇಣು ಮೇಲಿರುವಾಗಲೇ ಅರಮನೆ ಬಂತು.

ಹಜಾರದ ನಡುವೆ ರಾಣಿ ನಿಂತಿದ್ದಳು. ಗಲ್ಲದವರೆಗೆ ಚಿನ್ನ. ಕೆಳತುಟಿಯ ಅಂಚು ಆಗಲೇ ಹೊಳೆಯುತ್ತಿತ್ತು. ಸುತ್ತಲೂ ದೊರೆಸಾನಿಯರು, ನಾಯಕಸಾನಿಯರು, ಗೌಡಸಾನಿಯರು ಕಣ್ಣೀರು ಸುರಿಸುತ್ತಾ ನಿಂತಿದ್ದರು. ಒಬ್ಬರದೂ ದನಿಯಿಲ್ಲ.

ಜಕ್ಕವ್ವ ನೇರ ಎದುರಿಗೆ ಹೋಗಿ ನಿಂತಳು. ಗಡಿಪಾರು ಮಾಡಿದರೆ ಮಾಡಲಿ ಅಂತ ಬಾಯಿ ತೆರೆದಳು.

"ಅಕ್ಕಾ."

ಹಜಾರ ಬೆಚ್ಚಿಬಿತ್ತು. ಮಾಚಲ ಅರಸಮ್ಮಣ್ಣಿ ಸಿಟ್ಟಿನಿಂದ ಕೆಂಪಾಗಿ ಗದರಲು ಬಾಯಿ ತೆರೆದಳು. ಆದರೆ ರಾಣಿ ಅವಳನ್ನು ಇನ್ನೂ ಮಾತಾಡಿಸಿಲ್ಲವಲ್ಲ! ಹಾಗೇ ಮುಚ್ಚಿಕೊಂಡಳು.

"ಅಕ್ಕಾ, ನಾನು ಜಕ್ಕಿ. ಮಾತಾಡೇ."

ರಾಣಿಯ ಕಣ್ಣು ಅಲುಗಿತು. ತುಟಿ ಅಲುಗಲಿಲ್ಲ. ಕಿಟಕಿಯ ಬಿಸಿಲು ಗೋಡೆಯ ಮೇಲೆ ಏರುತ್ತಿತ್ತು. ಜಕ್ಕವ್ವನಿಗೆ ಅಳು ಬಂತು, ಅಳುವಿನ ಜೊತೆಗೆ ಸಿಟ್ಟೂ ಬಂತು. ಹಲಸಿನ ಮಣೆಯನ್ನು ರಾಣಿಯ ಕಾಲ ಹತ್ತಿರ ಧಡ್ ಅಂತ ಹಾಕಿದಳು. ಅದರ ಮೇಲೆ ಕಾಲು ಚಾಚಿ ಕೂತಳು. ಅಂಚಿನಲ್ಲಿ ಅಲ್ಲ, ಅರ್ಧಕ್ಕೂ ಅಲ್ಲ. ಆ ಕಡೆಯಿಂದ ಈ ಕಡೆಯವರೆಗೆ, ಪೂರ್ತಿ ಮಣೆಯನ್ನು ತುಂಬಿಕೊಂಡು ಕೂತಳು. ಕೂತು, ಮೂಗು ಸೊರಸೊರ ಅನ್ನಿಸುತ್ತಾ, "ಸರಿ ಬಿಡು. ಇನ್ನು ಮೇಲೆ ಪೂರ್ತಿ ಮಣೆ ನಂದೇ" ಅಂದಳು.

ಆಮೇಲೆ ಮೇಲಿನಿಂದ, ಹದಿನಾಲ್ಕು ದಿನದಿಂದ ತುಕ್ಕು ಹಿಡಿದಿದ್ದ ದನಿಯೊಂದು ಬಂತು.

"ಜರುಗೇ ಜಕ್ಕೀ... ಅರ್ಧ ನಂದು."

ಚಿನ್ನ ಗಲ್ಲದಿಂದ ಇಳಿಯಿತು, ಕೊರಳಿಂದ ಇಳಿಯಿತು, ಬಿಸಿನೀರು ಹೊಯ್ದ ಬೆಲ್ಲದ ಹಾಗೆ ಸೊಂಟದಿಂದ, ಮೊಣಕಾಲಿನಿಂದ, ಪಾದದಿಂದ ಇಳಿದು ನೆಲದ ಮೇಲೆ ಹರಿದುಹೋಯಿತು. ಪದುಮಲೆ ಕುಸಿದು ಕೂತಳು, ಮಣೆಯ ಮೇಲೇ ಕೂತಳು, ಸೊಂಟದಿಂದ ತಂಗಿಯನ್ನು ನೂಕಿ ತನ್ನ ಅರ್ಧವನ್ನು ತೆಗೆದುಕೊಂಡಳು. ಆಮೇಲೆ ಅವಳ ಕೊರಳು ತಬ್ಬಿಕೊಂಡು ಜೋರಾಗಿ ಅತ್ತಳು.

"ನನ್ನ ಮರೆತೇಬಿಟ್ಟೆ ಅಂದ್ಕೊಂಡಿದ್ದೆ" ಅಂದಳು ಜಕ್ಕವ್ವ.

"ಹುಚ್ಚೀ. ದಿನಾ ಬೆಳಿಗ್ಗೆ ನೀನು ಕೂತೆದ್ದ ಮಣೆ ಮೇಲಲ್ವೇನೇ ನಾನು ಕೂರ್ತಿದ್ದಿದ್ದು? ಅದು ಇನ್ನೂ ಬೆಚ್ಚಗಿರ್ತಿತ್ತು. ಅತ್ತೆ ನಿನ್ನನ್ನ ಗಡಿಪಾರು ಮಾಡಿಸ್ತಾರೆ ಅಂತ ಹೆದರಿ ಬಾಯಿ ಬಿಡ್ತಿರಲಿಲ್ಲ. ಆರು ವರ್ಷ ಆ ಬಿಸಿ ಒಂದೇ ನನಗೆ ಸಿಗ್ತಿದ್ದದ್ದು. ಅದು ಆರೋದರೊಳಗೆ ಕೂರಬೇಕು ಅಂತ ನಾನು ಎಷ್ಟು ಬೇಗ ಬೇಗ ಬರ್ತಿದ್ದೆ, ನೋಡಿರಲಿಲ್ವಾ ನೀನು?"

ಜಕ್ಕವ್ವ ನೋಡಿರಲಿಲ್ಲ. ತಲೆ ತಗ್ಗಿಸಿಕೊಂಡು ಹೋಗುವವಳಿಗೆ ಹೇಗೆ ಕಾಣಬೇಕು?

ಅಷ್ಟರಲ್ಲಿ ರಾಣಿ ತಲೆ ಎತ್ತಿ, ಕಣ್ಣೊರೆಸಿಕೊಂಡು, "ಅತ್ತೇ, ಚೆನ್ನಾಗಿದ್ದೀರಾ?" ಅಂದಳು. ಆಹಾ, ಮಾಚಲ ಅರಸಮ್ಮಣ್ಣಿಯ ಬಾಯಿ ಬಿಚ್ಚಿತು ನೋಡಿ! ಶುರುವಿಗೆ ಜಕ್ಕವ್ವನನ್ನು ಬೈದಳು, ಮಧ್ಯದಲ್ಲಿ ಹೊಗಳಿದಳು, ಆಮೇಲೆ ತನ್ನನ್ನೇ ಬೈದುಕೊಂಡಳು. ಮೂರು ದಿನ ನಿಲ್ಲಿಸಲಿಲ್ಲ. ಊಟವನ್ನೂ ಮಾತಾಡುತ್ತಲೇ ಮಾಡಿದಳು.

ಕರಡಿ ಆ ಹನ್ನೆರಡು ಚಿನ್ನದ ಹೆಂಗಸರನ್ನು ಹಾವಿನ ಬೆನ್ನ ಮೇಲೆ ಹೇರಿಕೊಂಡು ಊರೂರಿಗೆ ಹೋಯಿತು. ಒಬ್ಬಳನ್ನು ಅವಳ ಮೊಮ್ಮಗಳು ಕರೆದಳು. ಒಬ್ಬಳನ್ನು ಅವಳ ಜೊತೆ ಕುಂಟೆಬಿಲ್ಲೆ ಆಡಿದ ಮುದುಕಿ ಕರೆದಳು. ಕೊನೆಯವಳನ್ನು ಕರೆಯಲು ಯಾರೂ ಉಳಿದಿರಲಿಲ್ಲ. ಕರಡಿಯೇ ಮೆಲ್ಲಗೆ "ಬಾವ್ವ, ಕೂತ್ಕೋ" ಅಂತು. ಮುನ್ನೂರು ವರ್ಷ ಒಂದೇ ಗುಡ್ಡದಲ್ಲಿ ನಿಂತವರಲ್ಲವೇ ಇಬ್ಬರೂ, ಅವಳು "ಹೂಂ" ಅಂದಳು. ಭಾರ ಇಳಿದ ನಿಲುಗಲ್ಲ ಗುಡ್ಡ ಮೈಮುರಿದು ಎದ್ದು ನಡೆದೇಬಿಟ್ಟಿತು, ಈಗ ಕರಡಿಯ ಜಾಗದಲ್ಲಿ ಬಾಗಿಲು ಕಾಯುತ್ತಾ ನಿಂತಿದ್ದ ಮೇರುಗಂಡನನ್ನೂ ಹೊತ್ತುಕೊಂಡು. ಎತ್ತ ಹೋಯಿತೋ ಯಾರಿಗೂ ಗೊತ್ತಿಲ್ಲ.

ಕುಂದಣಗಿರಿಯಲ್ಲಿ ಬಿರುದುಗಳು ಹಾಗೇ ಇದ್ದವು. ದೊರೆಸಾನಿ ದೊರೆಸಾನಿಯೇ, ಗೌಡಸಾನಿ ಗೌಡಸಾನಿಯೇ. ಆದರೆ ಹೇಳಬೇಕಾದ ಮಾತು ಯಾರ ಬಾಯಲ್ಲಿದ್ದರೂ ಅವರೇ ಮೊದಲು ಹೇಳಬಹುದು ಅಂತ ರಾಣಿ ಡಂಗುರ ಹೊಡೆಸಿದಳು. ಹಸುಗಳು ಹಾಲು ಕೊಟ್ಟವು, ಮಕ್ಕಳು ಮಲಗಿದವು, ಉಪ್ಪು ಎಲ್ಲಿದೆ ಅಂತ ಗಂಡಸರಿಗೆ ಗೊತ್ತಾಯಿತು. ಜಕ್ಕವ್ವನಿಗೆ ಏನು ಬಿರುದು ಬೇಕು ಅಂತ ಕೇಳಿದರು. ಏನೂ ಬೇಡ ಅಂದಳು. ರಾಣಿಯ ತಂಗಿ ಅಂತ ಊರಿಗೆಲ್ಲ ಗೊತ್ತಾದ ಮೇಲೆ ಅವಳಿಗೆ ಅದು ಬೇಕಿರಲಿಲ್ಲ.

ಅವರೆಲ್ಲ ಬಹಳ ಕಾಲ ಸುಖವಾಗಿ ಬಾಳಿದರು. ತಲೆ ಬೆಳ್ಳಗಾದ ಮೇಲೂ ಆ ಅಕ್ಕ ತಂಗಿ ಊಟಕ್ಕೆ ಕೂರುತ್ತಿದ್ದದ್ದು, ಅಂಚಿನಲ್ಲಿ ಒಂದು ಚಕ್ಕೆ ಹೋದ ಆ ಹಲಸಿನ ಮಣೆಯ ಮೇಲೇ. ಇಬ್ಬರೂ ದಪ್ಪಗಾಗಿದ್ದರು, ಮಣೆ ಮಾತ್ರ ಅಷ್ಟೇ ಇತ್ತು. ಅಡುಗೆಮನೆಯ ಕಡೆ ಹಾದುಹೋಗುವವರಿಗೆಲ್ಲ ಒಳಗಿನಿಂದ ದಿನಾ ಕೇಳುತ್ತಿತ್ತು: "ಜರುಗೇ ಜಕ್ಕೀ." "ನೀನು ಜರುಗು ಅಕ್ಕಾ."